ತಲೆಗೆ ಒಡೆಯುವ ತತ್ತಿ, ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ

ಹೋಳಿ ಆಡುವ ದಿನ ನಮ್ಮ ತುರ್ವಿಹಾಳದ ಕಿರಾಣಿ ಅಂಗಡಿಗಳಲ್ಲಿ ತತ್ತಿಯ ಟ್ರೇಗಳು ಹೊತ್ತೇರುವ ಮೊದಲೇ ಖಾಲಿ ಆಗುತ್ತವೆ. ತಿನ್ನಲಿಕ್ಕಲ್ಲ, ಗೆಳೆಯರ ತಲೆಯ ಮೇಲೆ ಒಡೆಯಲಿಕ್ಕೆ. ಮೊದಲು ತತ್ತಿ, ಅದರ ಮೇಲೆ ಬಣ್ಣದ ಪುಡಿ, ಅದಕ್ಕೂ ಸಮಾಧಾನ ಆಗದಿದ್ದರೆ ಕಬ್ಬಿಣದ ಗೇಟಿಗೆ ಹೊಡೆಯುವ ಬೆಳ್ಳಿ ಪೇಂಟು. ಮಧ್ಯಾಹ್ನದ ಹೊತ್ತಿಗೆ ಓಣಿಯ ತುಂಬ ಹಸಿ ತತ್ತಿಯ ವಾಸನೆ. ನಾಯಿಗಳಿಗೆ ಮಾತ್ರ ಹಬ್ಬ.

ಇದು ಯಾವಾಗ ಶುರುವಾಯಿತು ಎಂದು ಓಣಿಯ ಹಿರಿಯರನ್ನು ಕೇಳಿದೆವು. "ನಮ್ಮ ಕಾಲದಾಗ ಇರಲಿಲ್ಲ ಬಿಡ್ರಿ" ಎಂದರು ಒಬ್ಬರು. "ತತ್ತಿ ಅಂದ್ರ ಬಾಣಂತಿಗೆ, ಜಡ್ಡು ಬಿದ್ದವರಿಗೆ ಅಂತ ಜೋಳದ ಗುಮ್ಮಿಯೊಳಗ ಹೂತಿಡ್ತಿದ್ವಿ. ಒಡ್ಯಾಕ ಎಲ್ಲಿಂದ ತರೋಣು?"

ಈ ಮಾತು ನಮಗೆ ತಟ್ಟಿತು. ಯಾಕೆಂದರೆ ಇದೇ ತತ್ತಿಯ ಮೇಲೆ ನಮ್ಮ ಭಾಗದಲ್ಲಿ ದೊಡ್ಡ ಚರ್ಚೆಯೇ ಆಗಿದೆ. 2021ರ ಡಿಸೆಂಬರಿನಲ್ಲಿ ಸರ್ಕಾರ ಶಾಲೆಯ ಬಿಸಿಯೂಟದಲ್ಲಿ ಬೇಯಿಸಿದ ತತ್ತಿ ಕೊಡಲು ಶುರು ಮಾಡಿದ್ದು ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದಂಥ ಜಿಲ್ಲೆಗಳಿಂದ. ಕಾರಣ ಗೌರವದ್ದೇನಲ್ಲ. ರಾಜ್ಯದಲ್ಲಿ ಮಕ್ಕಳ ಅಪೌಷ್ಟಿಕತೆ, ರಕ್ತಹೀನತೆ ಹೆಚ್ಚಿರುವುದು ಇಲ್ಲಿ ಎಂದು ಲೆಕ್ಕ ಹೇಳಿತ್ತು. ಕೊಡಬೇಕು, ಕೊಡಬಾರದು ಎಂದು ಊರೂರಲ್ಲಿ ವಾದ ನಡೆಯಿತು. ತತ್ತಿ ಬೇಡ ಎಂದವರಿಗೆ ಬಾಳೆಹಣ್ಣು ಸಿಕ್ಕಿತು. ಆ ವಾದಕ್ಕೆ ನಾವು ಹೋಗುವುದಿಲ್ಲ. ಆದರೆ ವಾರವೆಲ್ಲ ಸಾಲಿನಲ್ಲಿ ನಿಂತು ತತ್ತಿ ತಿನ್ನುವ ಹುಡುಗರೇ ಹೋಳಿಯ ದಿನ ಅಣ್ಣಂದಿರ ಕೈಯಲ್ಲಿ ಅದು ರಸ್ತೆಗೆ ಬೀಳುವುದನ್ನು ನೋಡುತ್ತಾರಲ್ಲ, ಅದು ನಮಗೆ ಸರಿ ಕಾಣಲಿಲ್ಲ.

ನಾವು ಅಂದರೆ ನಾಲ್ಕು ಜನ. ಪತ್ರಿಕೋದ್ಯಮ ಓದಿ, ಒಂದಷ್ಟು ದಿನ ಊರೂರು ತಿರುಗಿ, ಕಡೆಗೆ ಊರು ಸೇರಿದವರು. 2023ರ ಹೋಳಿಯಲ್ಲಿ ನಮ್ಮ ಓಣಿಯ ಏಳನೇ ಇಯತ್ತೆಯ ಹುಡುಗನೊಬ್ಬನ ಕಣ್ಣಿಗೆ ಪ್ಯಾಕೆಟ್ ಬಣ್ಣ ಬಿತ್ತು. ಸಿಂಧನೂರಿಗೆ ಕರೆದುಕೊಂಡು ಹೋದರು. ಎಂಟು ದಿನ ಆ ಹುಡುಗ ಕಣ್ಣು ಬಿಡಲಿಲ್ಲ. ಅವನ ತಂದೆ ತಾಯಿ ಆಗ ಬೆಂಗಳೂರಿನಲ್ಲಿ ಗುಳೆ ಹೋಗಿದ್ದರು. ನೋಡಿಕೊಂಡದ್ದು ಅಮ್ಮ. ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತಲೇ ಅನ್ನುವುದು. ಡಾಕ್ಟರರು ಬಣ್ಣದಲ್ಲಿ ಏನಿತ್ತು ಎಂದು ಕೇಳಿದರಂತೆ. ಆ ಪ್ಯಾಕೆಟ್ಟನ್ನು ಅಮ್ಮ ಸೆರಗಿನಲ್ಲಿ ಗಂಟು ಹಾಕಿಕೊಂಡು ಒಯ್ದಿದ್ದರು. ಅದರ ಮೇಲೆ ಹೂವಿನ ಚಿತ್ರ ಇತ್ತು, ಒಳಗೆ ಏನಿದೆ ಅಂತ ಒಂದು ಅಕ್ಷರ ಇರಲಿಲ್ಲ, ಮಾಡಿದವರ ಹೆಸರೂ ಇರಲಿಲ್ಲ. ಕಣ್ಣು ಉಳಿಯಿತು, ಅದೊಂದು ಪುಣ್ಯ.

ಹಾಗಾಗಿ 2024ರ ಹೋಳಿಗೆ ಎರಡು ಕೆಲಸ ಮಾಡೋಣ ಎಂದು ಮಾತಾಡಿಕೊಂಡೆವು. ಒಂದು, ಬಣ್ಣ ಮನೆಯಲ್ಲೇ ಮಾಡುವುದು. ಎರಡು, ತತ್ತಿಯನ್ನು ಒಡೆಯುವುದರ ಬದಲು ಅದಕ್ಕೇ ಬಣ್ಣ ಹಾಕಿ, ಆಮೇಲೆ ತಿನ್ನುವುದು.

ಎರಡನೆಯದನ್ನು ಕೇಳಿ ಜನ ನಕ್ಕರು. "ತತ್ತಿಗೆ ಬಣ್ಣಾ? ಗೋಡಿಗೆ ಹಚ್ಚಿದಂಗೇನು?"

ಬಣ್ಣ ಮಾಡುವ ಪಾಠ ನಮಗೆ ಸಿಕ್ಕಿದ್ದು ಆ ಹುಡುಗನ ಅಮ್ಮನ ಹತ್ತಿರವೇ. ಅರಿಶಿಣಕ್ಕೆ ಸುಣ್ಣ ಹಾಕಿದರೆ ಕೆಂಪಾಗುವುದು ಯಾರಿಗೆ ಗೊತ್ತಿಲ್ಲ? ಆರತಿ ತಟ್ಟೆಯ ಕೆಂಪು ನೀರು ಅದೇ. ಮದುವೆಮನೆಯ ಓಕುಳಿಯೂ ಅದೇ. ಸಾರು ಚೆಲ್ಲಿದ ಅಂಗಿಗೆ ಸಾಬೂನು ಹಚ್ಚಿದ ಕೂಡಲೇ ಹಳದಿ ಕಲೆ ಕೆಂಪಾಗುವುದನ್ನು ಪ್ರತಿ ಮನೆಯಲ್ಲೂ ನೋಡಿರುತ್ತೀರಿ. ಅರಿಶಿಣದಲ್ಲಿರುವ ಕರ್ಕ್ಯುಮಿನ್ ಎಂಬ ಅಂಶ ಹುಳಿಯಲ್ಲಿ ಹಳದಿ, ಕ್ಷಾರದಲ್ಲಿ ಕೆಂಪು. ಸುಣ್ಣ, ಸಾಬೂನು, ಬೂದಿ ಎಲ್ಲ ಕ್ಷಾರ. ಕೆಂಪಾದ ಮೇಲೆ ನಾಲ್ಕು ಹನಿ ನಿಂಬೆಹುಳಿ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಇದನ್ನು ಮಕ್ಕಳ ಮುಂದೆ ಮಾಡಿ ತೋರಿಸಿದೆವು. ಜಾದೂ ನೋಡಿದಂತೆ ಕೂಗಿದರು. ಹತ್ತು ಸಲ ಮಾಡಿಸಿದರು, ನಿಂಬೆಹಣ್ಣು ಮುಗಿದವು.

ಅಮ್ಮ ಸುಣ್ಣದ ಡಬ್ಬಿ ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. "ಚಿಟಿಕಿ ಸಾಕು. ಹೆಚ್ಚಾದ್ರ ಮೈ ಉರಿತೈತಿ, ಕಣ್ಣಿಗೆ ಬಿದ್ರ ಅದೂ ವಿಷಾನ. ಎಲೆ ಅಡಿಕಿಗೆ ಎಷ್ಟು ಹಚ್ತೀವಿ, ಅಷ್ಟ." ಆಮೇಲೆ ಇನ್ನೊಂದು ಮಾತು ಹೇಳಿದರು: "ಬಾಯಾಗ ಹಾಕ್ಕೊಳ್ಳಾಕ ಬರಲಾರದ್ದು ಮೈಗೆ ಯಾಕ ಬೇಕು?" ಹೋದ ವರ್ಷ ಮೊಮ್ಮಗನ ಕಣ್ಣು ಒರೆಸಿದವರು ಅವರು. ಅವರ ಮಾತಿಗೆ ನಾವು ಎದುರಾಡಲಿಲ್ಲ.

ಮುತ್ತುಗದ ಹೂವಿಗೆ ಮಾತ್ರ ಬಹಳ ಅಲೆದೆವು. ಮುತ್ತಲ ಗಿಡ ಅಂತೀವಲ್ಲ, ಊಟದ ಎಲೆ ಹಚ್ಚುವ ಗಿಡ, ಅದೇ. ಹೋಳಿಯ ಸುಮಾರಿಗೆ ಎಲೆಯೆಲ್ಲ ಉದುರಿ, ಕೆಂಡದ ರಾಶಿಯಂತೆ ಹೂ ಬಿಡುತ್ತದೆ. ಆ ಹೂವನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಗ್ಗೆ ಕುದಿಸಿದರೆ ಕೇಸರಿ ಬಣ್ಣದ ನೀರು. ಹಿಂದೆ ಓಕುಳಿಗೆ ಇದನ್ನೇ ಮಾಡುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಈಗ ನಮ್ಮ ಸುತ್ತ ಎಲ್ಲಿ ನೋಡಿದರೂ ಕಾಲುವೆ, ಗದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಜೋಳ ಬಿತ್ತುವ ಎರೆಹೊಲ ಭತ್ತದ ಗದ್ದೆಯಾಯಿತು, ಬದುವಿನ ಗಿಡ ಹೋಯಿತು. ಭತ್ತ ಅನ್ನ ಕೊಟ್ಟಿದೆ, ಅದನ್ನು ಬೈಯುವ ನಾಲಿಗೆ ನಮಗಿಲ್ಲ. ಆದರೆ ಒಂದು ಚೀಲ ಹೂವಿಗೆ ಮೋಟರ್‌ಸೈಕಲ್ ಹತ್ತಿ ಮಸ್ಕಿ ಕಡೆಯ ಗುಡ್ಡದ ಸೆರಗಿಗೆ ಹೋಗಬೇಕಾಯಿತು. ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿಯೇ ಅದು. ಅಲ್ಲಿ ಕುರಿ ಕಾಯುತ್ತಿದ್ದವರೊಬ್ಬರು ಗಿಡ ತೋರಿಸಿದರು. "ಗಿಡದಾಗಿಂದ ಹರಿಬ್ಯಾಡ್ರಿ, ನೆಲಕ್ಕ ಬಿದ್ದದ್ದ ಆರಿಸ್ಕೋರಿ, ಬಣ್ಣ ಅದರಾಗೂ ಐತಿ" ಎಂದರು. ಹಾಗೇ ಮಾಡಿದೆವು.

ಸಿಂಧನೂರು ತಾಲ್ಲೂಕಿನ ಬಂಗಾಳಿ ಕ್ಯಾಂಪುಗಳ ಜನ ಇದೇ ಹೂವಿಗೆ ಪಲಾಶ ಅನ್ನುತ್ತಾರೆ. ಪೂರ್ವ ಪಾಕಿಸ್ತಾನದಿಂದ ಬಂದು ಇಲ್ಲಿ ನೆಲೆ ನಿಂತವರು ಅವರು. 1757ರಲ್ಲಿ ಇಂಗ್ಲಿಷರು ಗೆದ್ದ ಪ್ಲಾಸಿ ಕದನ ಶಾಲೆಯಲ್ಲಿ ಓದಿದ್ದೇವಲ್ಲ, ಆ ಊರಿನ ಹೆಸರು ಪಲಾಶಿ. ಈ ಗಿಡದಿಂದಲೇ ಬಂದ ಹೆಸರು.

ಆ ವರ್ಷ ನೀರೇ ಇರಲಿಲ್ಲ ಎಂಬುದನ್ನೂ ಹೇಳಬೇಕು. ರಾಜ್ಯದ 223 ತಾಲ್ಲೂಕು ಬರಪೀಡಿತ ಎಂದು ಸರ್ಕಾರ ಘೋಷಿಸಿದ ವರ್ಷ ಅದು. ಡ್ಯಾಮು ತುಂಬಲಿಲ್ಲ, ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಗದ್ದೆ ಬಿರುಕು ಬಿಟ್ಟಿತ್ತು. ಕೊಯ್ಲಾದ ಗದ್ದೆಗಳಲ್ಲಿ ಬಾತುಕೋಳಿ ಮೇಯಿಸಲು ಆಂಧ್ರದ ಕಡೆಯಿಂದ ಬರುವವರೂ ಕಾಣಲಿಲ್ಲ. ಅವರು ಇದ್ದಿದ್ದರೆ ದೊಡ್ಡ ದೊಡ್ಡ ಬಾತಿನ ತತ್ತಿ ಸಿಗುತ್ತಿದ್ದವು, ಬಣ್ಣಕ್ಕೆ ಬಹಳ ಚಂದ. ಗುಳೆ ಹೋದವರ ಮನೆಗಳಿಗೆ ಬೀಗ. ಹತ್ತು ಕೊಡ ನೀರು ಸುರಿದು ಓಕುಳಿ ಆಡುವ ಮಾತೇ ಇರಲಿಲ್ಲ. ಎರಡು ಬಕೆಟ್ ಓಕುಳಿ ಇಡೀ ಓಣಿಗೆ, ಮಕ್ಕಳ ಕೈ ಅದ್ದಿ ಕೆನ್ನೆಗೆ ಹಚ್ಚುವಷ್ಟು. ತತ್ತಿಗಾದರೆ ಒಂದು ಪಾತ್ರೆ ನೀರು ಸಾಕು. ಬರಗಾಲಕ್ಕೆ ಒಪ್ಪುವ ಹೋಳಿ ಎಂದು ನಾವೇ ತಮಾಷೆ ಮಾಡಿಕೊಂಡೆವು.

ಇನ್ನು ತತ್ತಿಯ ವಿಷಯ.

ಬೇರೆ ದೇಶಗಳಲ್ಲಿ ವಸಂತ ಬಂತೆಂದರೆ ತತ್ತಿಗೆ ಬಣ್ಣ ಹಾಕುತ್ತಾರೆ ಎಂದು ಓದಿದ್ದೆವು. ಇರಾನಿನವರ ಹೊಸ ವರ್ಷ ನೌರೋಜ್ ಮಾರ್ಚ್ 20, 21ರ ಸುಮಾರಿಗೆ ಬರುತ್ತದೆ, ಅವರು ಹಬ್ಬದ ಮೇಜಿನ ಮೇಲೆ ಬಣ್ಣದ ತತ್ತಿ ಇಡುತ್ತಾರೆ. ಗ್ರೀಸಿನವರು ಈಸ್ಟರಿಗೆ ಕೆಂಪು ತತ್ತಿ ಮಾಡುತ್ತಾರೆ. ಉಕ್ರೇನಿನವರು ಜೇನುಮೇಣದಲ್ಲಿ ಗೆರೆ ಎಳೆದು ಬಣ್ಣದಲ್ಲಿ ಅದ್ದುತ್ತಾರೆ. ಆ ಕಲೆಗೆ ಪಿಸಂಕ ಎಂದು ಹೆಸರು. ಆರ್ಮೇನಿಯಾದವರು ಕೆಂಪಿಗೆ ಏನು ಹಾಕುತ್ತಾರೆ ಗೊತ್ತೆ? ಉಳ್ಳಾಗಡ್ಡಿ ಸಿಪ್ಪೆ.

ಉಳ್ಳಾಗಡ್ಡಿ ಸಿಪ್ಪೆಗೆ ನಮ್ಮಲ್ಲಿ ಬರವೇ? ಸಂತೆ ಎದ್ದ ಮೇಲೆ ಉಳ್ಳಾಗಡ್ಡಿ ಮಾರುವವರು ಕೂತ ಜಾಗದಲ್ಲಿ ಗಾಳಿಗೆ ಹಾರುತ್ತಿರುತ್ತದೆ. ನಾವು ಚೀಲ ಹಿಡಿದು ಆರಿಸುವಾಗ ಒಬ್ಬರು ಕೇಳಿದರು, "ಏನ್ರಪ್ಪ, ಇಷ್ಟು ಓದಿ ಸಿಪ್ಪಿ ಆರಸಾಕ ಬಂದ್ರಿ?" ನಗುತ್ತ ತಾವೂ ಎರಡು ಬೊಗಸೆ ತುಂಬಿ ಕೊಟ್ಟರು.

ಬಣ್ಣ ಹಿಡಿಯಲು ಸ್ವಲ್ಪ ಹುಳಿ ಬೇಕು. ತತ್ತಿಯ ಚಿಪ್ಪು ಅಂದರೆ ಹೆಚ್ಚುಕಡಿಮೆ ಸುಣ್ಣದ ಕಲ್ಲೇ, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಕಿದರೆ ಸಣ್ಣ ಗುಳ್ಳೆ ಏಳುತ್ತವೆ, ಮೇಲ್ಮೈ ಒರಟಾಗಿ ಬಣ್ಣ ಕಚ್ಚುತ್ತದೆ. ಊರ ಹೊರದೇಶದವರು ವಿನೆಗರ್ ಹಾಕುತ್ತಾರೆ. ತುರ್ವಿಹಾಳದಲ್ಲಿ ವಿನೆಗರ್ ಯಾರ ಹತ್ತಿರ ಇರುತ್ತದೆ? ಗೋಬಿ ಮಂಚೂರಿ ಬಂಡಿಯವರ ಹತ್ತಿರ. ಅವರು ಆಗ ಚಿಂತೆಯಲ್ಲಿದ್ದರು. ಹೋಳಿಗೆ ಎರಡು ವಾರ ಮುಂಚೆ, ಮಾರ್ಚ್ 11ರಂದು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಆದೇಶ ಹೊರಡಿಸಿದ್ದರು. ರಾಜ್ಯದಲ್ಲಿ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ ಗುಲಾಬಿ ಬಣ್ಣದಲ್ಲಿ ಸಿಕ್ಕ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. "ಕೆಂಪಗಿಲ್ಲದ ಗೋಬಿ ಯಾರೂ ತಿನ್ನಾಕತ್ತಿಲ್ಲಣ್ಣ" ಎಂದರು ಬಂಡಿಯವರು. ಅರ್ಧ ಬಾಟಲಿ ವಿನೆಗರನ್ನು ದುಡ್ಡು ತಗೊಳ್ಳದೆ ಕೊಟ್ಟು, ಸಂಜೆ ತಾವೂ ನೋಡಲು ಬಂದರು. ಉಳ್ಳಾಗಡ್ಡಿ ಸಿಪ್ಪೆಯ ಕೆಂಪು ನೀರನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಏನು ಲೆಕ್ಕ ಹಾಕುತ್ತಿದ್ದರೋ, ನಾವು ಕೇಳಲಿಲ್ಲ.

ಒಲೆ ಎಲ್ಲಿ ಹೂಡಬೇಕು ಎಂಬುದಕ್ಕೆ ಮಾತ್ರ ಎರಡು ದಿನ ಯೋಚನೆ ಮಾಡಿದೆವು. ನಮ್ಮ ಓಣಿಯಲ್ಲಿ ತತ್ತಿ ಮುಟ್ಟದ ಮನೆಗಳಿವೆ, ದಿನಾ ತಿನ್ನುವ ಮನೆಗಳೂ ಇವೆ. ಒಬ್ಬರ ಅಂಗಳದಲ್ಲಿ ಹೂಡಿದರೆ ಇನ್ನೊಬ್ಬರ ಮಕ್ಕಳು ಬರುವುದಿಲ್ಲ. ಕೊನೆಗೆ ಯಾರದೂ ಅಲ್ಲದ ಬಯಲಿನಲ್ಲಿ, ಹಿಂದಿನ ರಾತ್ರಿ ಕಾಮನನ್ನು ಸುಟ್ಟ ಜಾಗದ ಪಕ್ಕಕ್ಕೆ, ಮೂರು ಕಲ್ಲು ಇಟ್ಟೆವು. ಕಾಮನ ಬೂದಿಯಲ್ಲಿ ಕಡಲೆ ಸುಟ್ಟು ತಿನ್ನುತ್ತಿದ್ದ ಹುಡುಗರು ಅಲ್ಲೇ ಇದ್ದರು, ಕೆಂಡವನ್ನೂ ಅವರೇ ತಂದು ಒಲೆಗೆ ಹಾಕಿದರು. ತತ್ತಿ ಮುಟ್ಟದ ಮನೆಯ ಮಕ್ಕಳಿಗೆ ಇನ್ನೊಂದು ಒಲೆ, ಇನ್ನೊಂದು ಪಾತ್ರೆ. ಬಿಳಿ ಹತ್ತಿ ಬಟ್ಟೆಯ ಕರವಸ್ತ್ರಗಳನ್ನು ಪಟಿಕದ ನೀರಲ್ಲಿ ನೆನೆಸಿ ಮುತ್ತಲ ಹೂವಿನ ಬಣ್ಣದಲ್ಲಿ ಅದ್ದುವ ಕೆಲಸ. ಪಟಿಕ ಇಲ್ಲದಿದ್ದರೆ ಬಟ್ಟೆಯ ಬಣ್ಣ ಎರಡೇ ಒಗೆತಕ್ಕೆ ಹೋಗುತ್ತದೆ. ಆ ಮಕ್ಕಳು ದೂರದಿಂದ ತತ್ತಿಯನ್ನೂ ಇವರು ಕರವಸ್ತ್ರವನ್ನೂ ನೋಡಿ ಹೊಟ್ಟೆಕಿಚ್ಚು ಪಟ್ಟರು. ಹಬ್ಬ ಅಂದಮೇಲೆ ಅಷ್ಟಾದರೂ ಬೇಡವೇ?

ಎರಡು ಟ್ರೇ ತಂದಿದ್ದೆವು. ಅರವತ್ತು ತತ್ತಿ, ಒಂದಕ್ಕೆ ಆರು ರೂಪಾಯಿಯಂತೆ 360 ರೂಪಾಯಿ, ನಾಲ್ವರಿಗೆ ತಲಾ 90. ಫಾರಂ ತತ್ತಿಯೇ ಒಳ್ಳೆಯದು, ಚಿಪ್ಪು ಬಿಳಿ ಇರುತ್ತದೆ. ಜವಾರಿ ತತ್ತಿ ಮೊದಲೇ ಕಂದು, ಅದರ ಮೇಲೆ ತಿಳಿ ಬಣ್ಣ ಕಾಣುವುದಿಲ್ಲ.

ಮಾಡುವ ವಿಧಾನ ಕೇಳಿದವರು ಬಹಳ, ಹಾಗಾಗಿ ಬಿಡಿಸಿ ಹೇಳುತ್ತೇವೆ. ಹನ್ನೆರಡು ತತ್ತಿಗೆ ಹತ್ತು ಹನ್ನೆರಡು ಉಳ್ಳಾಗಡ್ಡಿಯ ಒಣ ಸಿಪ್ಪೆ, ಒಂದೂವರೆ ಲೀಟರ್ ನೀರು. ಅರ್ಧ ತಾಸು ಕುದಿಸಿ, ಸೋಸಿ, ಆರಲು ಬಿಡಿ. ಎರಡು ಚಮಚ ವಿನೆಗರ್ ಹಾಕಿ, ಇಲ್ಲದಿದ್ದರೆ ಒಂದು ನಿಂಬೆಹಣ್ಣಿನ ರಸ. ತತ್ತಿಯನ್ನು ತೊಳೆದು, ಒರೆಸಿ, ಆರಿದ ನೀರಿಗೇ ಇಟ್ಟು ಆಮೇಲೆ ಬೆಂಕಿ ಹಚ್ಚಿ. ಕುದಿಯುವ ನೀರಿಗೆ ಹಾಕಿದರೆ ಬಿರುಕು ಬಿಡುತ್ತದೆ. ಕುದಿ ಬಂದ ಮೇಲೆ ಹತ್ತು ಹನ್ನೆರಡು ನಿಮಿಷ. ತೆಗೆದಾಗ ಇಟ್ಟಿಗೆ ಕೆಂಪು. ಅದೇ ನೀರಲ್ಲಿ ಇನ್ನೊಂದಷ್ಟು ಹೊತ್ತು ಬಿಟ್ಟರೆ ಕಡುಗೆಂಪು, ಹಳೆಯ ಇಳಕಲ್ ಸೀರೆಯ ಬಣ್ಣ. ಆರಿದ ಮೇಲೆ ಒಂದು ಹನಿ ಶೇಂಗಾ ಎಣ್ಣೆ ಸವರಿದರೆ ಫಳಫಳ ಹೊಳೆಯುತ್ತದೆ.

ಅರಿಶಿಣದಲ್ಲಿ ಬೇಯಿಸಿದರೆ ಬಂಗಾರದ ತತ್ತಿ. ಬೇಲಿಯ ಮೇಲಿನ ಶಂಖಪುಷ್ಪದ ಹೂವು ನೀಲಿ ಕೊಡುತ್ತದೆ. ದಾಳಿಂಬೆ ಸಿಪ್ಪೆಯಿಂದ ಮಂಕು ಹಳದಿ ಬಂತು, ಯಾರಿಗೂ ಹಿಡಿಸಲಿಲ್ಲ. ಬೀಟ್‌ರೂಟಿನ ಕೆಂಪು ಕುದಿಗೆ ನಿಲ್ಲುವುದಿಲ್ಲ, ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನಾವು ಅಷ್ಟು ಅಲೆದು ತಂದ ಮುತ್ತಲ ಹೂವು ಬಟ್ಟೆಗೆ ಹಿಡಿದಷ್ಟು ತತ್ತಿಗೆ ಹಿಡಿಯಲೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡಿದ್ದು ಎಲೆ ಕಟ್ಟಿದ ತತ್ತಿ. ಒಂದು ಕೊತ್ತಂಬರಿ ಎಲೆಯನ್ನೋ ಬೇವಿನ ಚಿಗುರನ್ನೋ ಒದ್ದೆ ಮಾಡಿ ಚಿಪ್ಪಿಗೆ ಅಂಟಿಸಬೇಕು. ಹಳೆಯ ತೆಳು ಬಟ್ಟೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ ದಾರ ಕಟ್ಟಬೇಕು. ಸಿಪ್ಪೆಯ ನೀರಲ್ಲಿ ಬೇಯಿಸಿ, ಆರಿಸಿ, ಬಿಚ್ಚಿದರೆ ಕೆಂಪು ತತ್ತಿಯ ಮೇಲೆ ಬೆಳ್ಳಗೆ ಎಲೆಯ ಅಚ್ಚು, ನರ ಸಮೇತ. ಒಬ್ಬಳು ಹುಣಸೆ ಎಲೆ ಕಟ್ಟಿದಳು, ಕೈಕಸೂತಿ ಹಾಕಿದಂತೆ ಬಂತು. ಒಬ್ಬ ಭತ್ತದ ತೆನೆ ಕಟ್ಟಿದ, ಆ ವರ್ಷ ಎಲ್ಲಿ ಹುಡುಕಿ ತಂದನೋ. ಇನ್ನು ಕೆಲವರು ಮೇಣದಬತ್ತಿಯ ತುದಿಯಲ್ಲಿ ರಂಗೋಲಿಯ ಚುಕ್ಕಿ ಇಟ್ಟು, ಆರಿದ ಅರಿಶಿಣದ ನೀರಿನಲ್ಲಿ ಅದ್ದಿದರು. ಮೇಣ ಹತ್ತಿದ ಕಡೆ ಬಣ್ಣ ಹಿಡಿಯುವುದಿಲ್ಲ. ಉಕ್ರೇನಿನವರು ಮಾಡುವುದು ಇದನ್ನೇ, ನಮ್ಮ ಹುಡುಗಿಯರಿಗೆ ಚುಕ್ಕಿ ಇಡುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಕಣ್ಣಿಗೆ ಬಣ್ಣ ಬಿದ್ದಿದ್ದ ಆ ಹುಡುಗ ಮೊದಮೊದಲು ದೂರವೇ ಕೂತಿದ್ದ. ಹೋಳಿ ಅಂದರೆ ಅವನಿಗೆ ಹೆದರಿಕೆ. ಬೆಳಗ್ಗೆಯಿಂದ ಮನೆಯಿಂದ ಹೊರಗೆ ಬಂದಿರಲಿಲ್ಲ. ಅಮ್ಮನೇ ಕೈ ಹಿಡಿದು ಕರೆತಂದಿದ್ದರು. ಸಿಪ್ಪೆಯ ನೀರನ್ನು ಅಮ್ಮ ತಮ್ಮ ಮುಂಗೈಗೆ ಹಚ್ಚಿಕೊಂಡರು, ಆಮೇಲೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು "ಒಗರ ಐತಿ" ಎಂದು ಮುಖ ಕಿವುಚಿದರು. ಅದನ್ನು ನೋಡಿ ಅವನಿಗೆ ನಗು ಬಂತು. ಆಮೇಲೆ ಅವನೇ ಒಲೆಯ ಮುಂದೆ ಕೂತ, ಯಾರಿಗೂ ಸೌಟು ಕೊಡಲಿಲ್ಲ.

ಅದು ರಂಜಾನ್ ತಿಂಗಳು ಬೇರೆ. ಮಾರ್ಚ್ 12ಕ್ಕೆ ಉಪವಾಸ ಶುರುವಾಗಿತ್ತು. ನಮ್ಮ ಜೊತೆ ಬೆಳಗ್ಗೆಯಿಂದ ಸಿಪ್ಪೆ ಕುದಿಸಿದ ಇಬ್ಬರು ಹುಡುಗರು ಒಂದು ಹನಿ ನೀರೂ ಕುಡಿದಿರಲಿಲ್ಲ. ಉಳಿದವರು ತತ್ತಿ ಸುಲಿದು ಉಪ್ಪು ಖಾರ ಹಚ್ಚಿ ತಿನ್ನುವಾಗ ಅವರು ನೋಡುತ್ತ ಕೂರುವುದು ಬೇಡವೆಂದು, ಅವರ ಪಾಲಿನದನ್ನು ಇಳಿಹೊತ್ತಿಗೆ ಬೇರೆ ಬೇಯಿಸಿ ಕೊಟ್ಟೆವು. ಇಫ್ತಾರಿನ ತಟ್ಟೆಯಲ್ಲಿ ಖರ್ಜೂರದ ಪಕ್ಕ ಎಲೆ ಅಚ್ಚಿನ ಕೆಂಪು ತತ್ತಿ ಇಟ್ಟ ಫೋಟೊ ಆ ರಾತ್ರಿ ನಮ್ಮ ವಾಟ್ಸ್ಆಪಿಗೆ ಬಂತು.

ಅರವತ್ತರಲ್ಲಿ ರಸ್ತೆಗೆ ಬಿದ್ದದ್ದು ಒಂದು, ಅದೂ ಕೈ ಜಾರಿ.

ಊರಿನ ಉಳಿದ ಕಡೆ ತತ್ತಿ ಒಡೆಯುವುದು ನಿಲ್ಲಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ಎಂದಿನಂತೆ ಪೇಂಟು, ಎಂದಿನಂತೆ ತತ್ತಿ. ನಾವು ಯಾರಿಗೂ ಬುದ್ಧಿ ಹೇಳಲು ಹೋಗಲಿಲ್ಲ. ಹೋಳಿಯ ದಿನ ಬುದ್ಧಿ ಹೇಳಲು ಹೋದವನ ತಲೆಯ ಮೇಲೆಯೇ ಮೊದಲನೇ ತತ್ತಿ ಒಡೆಯುತ್ತದೆ.

ಹೋಳಿ ಆಡಿದ್ದು ಮಾರ್ಚ್ 25, ಸೋಮವಾರ. ಈಸ್ಟರ್ ಮಾರ್ಚ್ 31, ಭಾನುವಾರ. ಎರಡೂ ಒಂದೇ ಹುಣ್ಣಿಮೆಯ ಹಬ್ಬಗಳು ಎಂದು ಆಗಲೇ ನಮಗೆ ಹೊಳೆದದ್ದು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯಾದ ಮೇಲಿನ ಭಾನುವಾರ ಈಸ್ಟರ್, ಇದು ಹಳೆಯ ಲೆಕ್ಕ. ನಮ್ಮ ಹೋಳಿ ಫಾಲ್ಗುಣ ಹುಣ್ಣಿಮೆ. ಹೋಳಿ 21ಕ್ಕಿಂತ ಮುಂಚೆ ಬಂದರೆ ಈಸ್ಟರ್ ಮುಂದಿನ ಹುಣ್ಣಿಮೆಗೆ ಹೋಗುತ್ತದೆ. 2025ರಲ್ಲಿ ಹಾಗೇ ಆಯಿತು, ಹೋಳಿ ಮಾರ್ಚ್ 14, ಈಸ್ಟರ್ ಏಪ್ರಿಲ್ 20. ಕೂಡಿ ಬಂದ ವರ್ಷ ಆರೇ ದಿನದ ಅಂತರ.

ನಮ್ಮ ಜೊತೆ ಓದಿದ ಗೆಳೆಯನೊಬ್ಬನ ಮನೆ ಮುದಗಲ್ಲಿನಲ್ಲಿ. ಮುದಗಲ್ ಕೋಟೆಗೆ, ಮೊಹರಮ್ಮಿಗೆ ಹೆಸರಾದ ಊರು. ಅಲ್ಲಿ ಕ್ರೈಸ್ತರೂ ಬಹಳ ಹಿಂದಿನಿಂದ ಇದ್ದಾರೆ, ಅಲ್ಲಿನ ಚರ್ಚು 1557ಕ್ಕೂ ಹಿಂದಿನದು ಎಂದು ಹೇಳುತ್ತಾರೆ. ಈಸ್ಟರ್ ದಿನ ಬೆಳಗಿನ ಜಾವ ಎದ್ದು ಹನ್ನೆರಡು ತತ್ತಿ ಬೇಯಿಸಿ, ಬುಟ್ಟಿಯಲ್ಲಿ ಭತ್ತದ ಹುಲ್ಲು ಹಾಸಿ, ಇಬ್ಬರು ಬೈಕಿನಲ್ಲಿ ಹೊರಟೆವು. ಬೇಯಿಸಿದ ತತ್ತಿಯನ್ನು ನಮ್ಮ ಬಿಸಿಲಿನಲ್ಲಿ ಬಹಳ ಹೊತ್ತು ಇಡಬಾರದು, ಆದಷ್ಟು ಬೇಗ ತಿಂದು ಮುಗಿಸಬೇಕು. ಇದು ನಿಮಗೂ ನೆನಪಿರಲಿ.

ಗೆಳೆಯನ ತಾಯಿ ಬುಟ್ಟಿಯ ಬಟ್ಟೆ ಸರಿಸಿ ನೋಡಿದರು. "ಇವೇನಪ್ಪ, ಯಾವ ಪಕ್ಷಿದು?" ಎಂದರು.

ಕ್ರೈಸ್ತರ ಹಬ್ಬದ ತತ್ತಿ ಎಂದು ನಾವು ಹೊತ್ತು ತಂದಿದ್ದು ಅವರ ಮನೆಯಲ್ಲಿ ಎಂದೂ ಇದ್ದದ್ದಲ್ಲ. ತಪಸ್ಸು ಕಾಲದ ನಲವತ್ತು ದಿನ ಮಾಂಸ ಬಿಡುತ್ತಾರೆ, ಪಾಸ್ಕದ ದಿನ ಕೋಳಿ ಸಾರು ಮಾಡುತ್ತಾರೆ. ಅವರ ಹಬ್ಬದಲ್ಲಿ ತತ್ತಿಗೆ ಬಣ್ಣ ಇಲ್ಲ. ಬೆಂಗಳೂರಿನಲ್ಲಿರುವ ಮಗಳು ಒಮ್ಮೆ ಚಾಕಲೇಟಿನ ತತ್ತಿ ತಂದಿದ್ದಳಂತೆ, ಬಿಸಿಲಿಗೆ ಬಸ್ಸಿನಲ್ಲೇ ಕರಗಿ ಹೋಗಿತ್ತಂತೆ. ಬೇರೆ ದೇಶಗಳಲ್ಲಿ ಹಿಂದೆ ಆ ನಲವತ್ತು ದಿನ ತತ್ತಿಯನ್ನೂ ತಿನ್ನುತ್ತಿರಲಿಲ್ಲ, ಆದರೆ ಕೋಳಿಗಳು ಇಡುವುದನ್ನು ನಿಲ್ಲಿಸುತ್ತವೆಯೇ, ಹಬ್ಬದ ಹೊತ್ತಿಗೆ ಮನೆಯಲ್ಲಿ ತತ್ತಿ ಗುಡ್ಡೆ ಬೀಳುತ್ತಿತ್ತು, ಅದಕ್ಕೇ ಬಣ್ಣ ಹಾಕಿ ಹಂಚುತ್ತಿದ್ದರು ಎಂದು ನಾವು ವಿವರಿಸಿದೆವು. ಅವರಿಗೆ ಆ ಮಾತು ಬಹಳ ಹಿಡಿಸಿತು. "ಹಂಗಾದ್ರ ಉಪವಾಸದ ಗಳಿಕಿ ಅನ್ರಿ" ಎಂದರು.

ಆಮೇಲೆ ಅವರು ಕೇಳಿದ್ದು, ಹಬ್ಬದ ಅಡಿಗೆಗೆ ಅವತ್ತೇ ಸುಲಿದ ಉಳ್ಳಾಗಡ್ಡಿ ಸಿಪ್ಪೆಯನ್ನು ಇಟ್ಟುಕೊಳ್ಳಬೇಕೋ ಬಿಸಾಕಬೇಕೋ ಎಂದು. ಒಣಗಿಸಿ ಇಡಿ, ವರ್ಷ ಕಳೆದರೂ ಬಣ್ಣ ಕೊಡುತ್ತದೆ ಎಂದೆವು. ಹನ್ನೊಂದು ತತ್ತಿ ಆ ಮಧ್ಯಾಹ್ನವೇ ಮುಗಿದವು. ಬೇವಿನ ಎಲೆಯ ಅಚ್ಚಿದ್ದ ಒಂದನ್ನು ಇಟ್ಟುಕೊಳ್ಳುತ್ತೇನೆಂದು ಅವರು ಹಟ ಹಿಡಿದರು. ಬೇಯಿಸಿದ್ದು ಕೆಡುತ್ತದೆ ಎಂದು ನಾವು. ಕಡೆಗೆ ಹಸಿ ತತ್ತಿಯ ಎರಡೂ ತುದಿಗೆ ಸೂಜಿಯಿಂದ ತೂತು ಮಾಡಿ, ಊದಿ ಒಳಗಿನದನ್ನು ತೆಗೆದು, ಬರೀ ಚಿಪ್ಪಿಗೆ ಬಣ್ಣ ಹಾಕುವುದನ್ನು ಅಲ್ಲೇ ಮಾಡಿ ತೋರಿಸಿದೆವು. ಒಳಗಿನದರಲ್ಲಿ ಆಮ್ಲೆಟ್ ಆಯಿತು. ಚಿಪ್ಪನ್ನು ಅವರು ದೇವರ ಪಟದ ಹತ್ತಿರ, ಒಂದು ಲೋಟದೊಳಗೆ ಇಟ್ಟರು.

2025ರ ಹೋಳಿಗೆ ಗುಳೆ ಹೋದವರಲ್ಲಿ ಕೆಲವರು ಊರಿಗೆ ಬಂದಿದ್ದರು. ಹಬ್ಬಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಆ ಹುಡುಗ, ಈಗ ಹತ್ತನೇ ಇಯತ್ತೆಗೆ ಹೋಗಲು ಸಿದ್ಧ, ಒಂದು ಯೂರಿಯಾ ಚೀಲ ಹೊತ್ತು ನಮ್ಮ ಬಾಗಿಲಿಗೆ ಬಂದ. ಎರಡು ಸಲ ತೊಳೆದು ಒಣಗಿಸಿದ ಚೀಲ ಎಂದು ಮೊದಲೇ ಹೇಳಿದ. ಅದರ ತುಂಬ ಉಳ್ಳಾಗಡ್ಡಿ ಸಿಪ್ಪೆ. ಮೂರು ಸಂತೆಯಿಂದ ಆರಿಸಿದ್ದಂತೆ. ಯೂರಿಯಾ ಚೀಲದ್ದು ತಿನ್ನುವ ತತ್ತಿಗೆ ಬೇಡ, ಬಟ್ಟೆಗೆ ಬಳಸೋಣ, ತತ್ತಿಗೆ ಬೇರೆ ಆರಿಸೋಣ ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾದ್ರ ಅಂಗಿಗೆ ಹಾಕೂಣಲ್ಲ? ನಮ್ಮಪ್ಪಂದು ಒಂದು ಬಿಳಿ ಅಂಗಿ ಐತಿ" ಎಂದ.